24 ವೋಲ್ಟ್ ತಾನೇ ಎಂಬ ಮಾತು

ಚಿರಂಜೀವಿಗೆ ನಿನ್ನ ಮಾವನ ಆಶೀರ್ವಾದಗಳು.

ಪತ್ರ ತಲುಪಿತು. ಮನೆಯ ಸಂಗತಿಗಳೆಲ್ಲ ನಿನಗೆ ತಿಳಿದೇ ಇರುವುದರಿಂದ ಅವನ್ನು ಬಿಟ್ಟು, ಎರಡನೆಯ ಪುಟದ ಕೊನೆಯಲ್ಲಿ ನೀನು ಹಗುರವಾಗಿ ಬರೆದು ದಾಟಿಹೋದ ವಾಕ್ಯಕ್ಕೆ ಬರುತ್ತೇನೆ. ಲೋಹ ಹತ್ತಿರ ಬಂದದ್ದನ್ನು ಮುಟ್ಟದೆಯೇ ತಿಳಿಸುವ ಪ್ರಾಕ್ಸಿಮಿಟಿ ಸೆನ್ಸಾರ್ ಬದಲಿಸುವಾಗ ಯಂತ್ರವನ್ನು ಪೂರ್ತಿ ನಿಲ್ಲಿಸಲು ಬಿಡುವುದಿಲ್ಲ, 24 ವೋಲ್ಟ್ ತಾನೇ ಎನ್ನುತ್ತಾರೆ, ಆದರೂ ಕೈ ನಡುಗುತ್ತದೆ ಎಂದು ಬರೆದಿದ್ದೀಯೆ. ಆ ನಡುಕವನ್ನು ನಾಚಿಕೆಯ ವಿಷಯದಂತೆ ಬರೆದಿರುವುದೇ ನನ್ನ ನಿದ್ದೆ ಕೆಡಿಸಿತು.

24 ವೋಲ್ಟ್ ಮುಟ್ಟಿದರೆ ಸಾಮಾನ್ಯವಾಗಿ ಏನೂ ಆಗದು ಎನ್ನುವುದು ಸುಳ್ಳಲ್ಲ, ಮತ್ತು ಸೆನ್ಸಾರ್ ತನಗಾಗಿ ಎಳೆದುಕೊಳ್ಳುವುದು ಕೆಲವೇ ಮಿಲಿ ಆಂಪಿಯರ್. ಆದರೆ ಅದು ಹೇಳಿದ ಮಾತನ್ನು ಯಂತ್ರವನ್ನು ನಡೆಸುವ ಪುಟ್ಟ ಗಣಕವಾದ ಪಿಎಲ್‌ಸಿ ನಂಬುತ್ತದೆ, ಪಿಎಲ್‌ಸಿಯ ಮಾತನ್ನು ಗಾಳಿಯ ದಾರಿ ತೆರೆಯುವ ವಾಲ್ವ್ ನಂಬುತ್ತದೆ, ಆ ವಾಲ್ವಿನ ಆಚೆ ಇರುವ 63 ಮಿ.ಮೀ. ವ್ಯಾಸದ ಸಿಲಿಂಡರ್ 6 ಬಾರ್ ಗಾಳಿಯಲ್ಲಿ ಸುಮಾರು 190 ಕಿಲೋ ಭಾರದಷ್ಟು ಬಲದಿಂದ ತಳ್ಳುತ್ತದೆ. ನಿನಗೆ 24 ವೋಲ್ಟ್ ಎಂದವರು ಈ ಕೊನೆಯ ಸಂಖ್ಯೆಯನ್ನು ಹೇಳಿರಲಾರರು.

ನನಗೂ ಯಾರೂ ಹೇಳಿರಲಿಲ್ಲ. ನಿನ್ನ ವಯಸ್ಸಿನಲ್ಲಿ ಬಿಡಿಭಾಗವನ್ನು ಬಿಗಿಹಿಡಿಯುವ ಕ್ಲ್ಯಾಂಪ್ ಇದ್ದ ಒಂದು ಫಿಕ್ಸ್‌ಚರಿನ ಮುಂದೆ ಕುಳಿತು, ಹೊಸದಾಗಿ ಕೂರಿಸಿದ ಸೆನ್ಸಾರಿನ ದೀಪ ಉರಿಯುತ್ತದೆಯೇ ಎಂದು ನೋಡಲು ಸ್ಕ್ರೂ ಡ್ರೈವರಿನ ತುದಿಯನ್ನು ಅದರ ಮುಖಕ್ಕೆ ಹಿಡಿದೆ. ದೀಪ ಉರಿಯಿತು. ಯಂತ್ರ ತಾನಾಗಿ ನಡೆಯುವ ಆಟೋ ಸ್ಥಿತಿಯಲ್ಲಿ ಅದೇ ಒಂದು ಸಂಕೇತಕ್ಕಾಗಿ ಕಾದು ನಿಂತಿತ್ತು. ಬಿಡಿಭಾಗ ಬಂದು ಕುಳಿತಿತೆಂದು ತಿಳಿದು ಕ್ಲ್ಯಾಂಪ್ ಮುಚ್ಚಿತು. ಎದುರು ಬದಿಯಲ್ಲಿ ಜೊತೆಗಾರನೊಬ್ಬ ಚೂರುಗಳನ್ನು ಒರೆಸುತ್ತಿದ್ದ. ಅವನ ಎರಡು ಬೆರಳುಗಳ ಬಗ್ಗೆ ಇನ್ನೇನು ಬರೆಯಲಿ? ನಾನು ಅದಕ್ಕಿಂತ ಹೆಚ್ಚು ನೆನೆದು ಕೊರಗುವುದು ಆ ಸಂಜೆಯ ವರದಿಯನ್ನು. ‘ಸೆನ್ಸಾರ್ ದೋಷ’ ಎಂದು ಬರೆದು ಸಹಿ ಹಾಕಿದೆ. ಅದಕ್ಕೆ ಯಾವ ದೋಷವೂ ಇರಲಿಲ್ಲ. ಲೋಹ ಕಂಡಿತು, ಕಂಡದ್ದನ್ನು ಹೇಳಿತು.

ಆದ್ದರಿಂದ ಮೊದಲು ಕೈಗಳೆಲ್ಲ ಹೊರಗಿವೆಯೇ ನೋಡಿ, ಆಮೇಲೆ ವಿದ್ಯುತ್ತನ್ನೂ ಗಾಳಿಯನ್ನೂ ಕಡಿದು, ಉಳಿದ ಒತ್ತಡವನ್ನು ಹೊರಬಿಟ್ಟು, ಎರಡಕ್ಕೂ ನಿನ್ನ ಬೀಗವನ್ನೇ ಹಾಕು. ಈ ಕ್ರಮಕ್ಕೆ ಕಾರಣವಿದೆ: ಸ್ಪ್ರಿಂಗ್‌ನಿಂದ ಹಿಂದಿರುಗುವ ವಾಲ್ವ್ ಆಗಿದ್ದರೆ ವಿದ್ಯುತ್ ಹೋದ ಕ್ಷಣದಲ್ಲೇ ಸಿಲಿಂಡರ್ ಚಲಿಸಬಹುದು, ಮೇಲೆ ಎತ್ತಿ ನಿಲ್ಲಿಸಿದ ಭಾರವಿದ್ದರೆ ಗಾಳಿ ಹೋದಾಗ ಅದು ಕುಸಿಯುತ್ತದೆ, ಅಂಥದಕ್ಕೆ ಮೊದಲೇ ಆಸರೆ ಕೊಡಬೇಕು. ದೀಪ ನೋಡಿ ದೂರ ಹೊಂದಿಸುವ ಹೊತ್ತಿನಲ್ಲಿ ವಿದ್ಯುತ್ ಬೇಕೇ ಬೇಕು, ಒಪ್ಪುತ್ತೇನೆ. ಸಿಲಿಂಡರಿನಿಂದಲೇ ನಡೆಯುವ ಯಂತ್ರವಾದರೆ ಗಾಳಿಯ ಬೀಗವನ್ನು ಹಾಗೆಯೇ ಇಟ್ಟು ಸೆನ್ಸಾರಿಗಷ್ಟೇ ವಿದ್ಯುತ್ ಕೊಟ್ಟರೂ ದೀಪ ಉರಿಯುತ್ತದೆ. ಇಷ್ಟು ಸುಲಭದ ಉಪಾಯ ಅಂದು ನನಗೆ ಹೊಳೆಯಲಿಲ್ಲ.

ವೈರಿಂಗ್ ಬಗ್ಗೆ ನಿನಗೆ ಪಾಠ ಹೇಳಲು ಸಂಕೋಚವಾಗುತ್ತದೆ, ನೀನು ನನಗಿಂತ ಚೆನ್ನಾಗಿ ಓದಿದವ. ಕಂದು ಧನಕ್ಕೆ, ನೀಲಿ ಸೊನ್ನೆಗೆ, ಕಪ್ಪು ಸಂಕೇತಕ್ಕೆ ಎಂಬುದು ನಿನಗೆ ಬಾಯಿಪಾಠವೇ ಇದ್ದೀತು. ಆದರೆ ಹಳೆಯ ಯಂತ್ರಗಳಲ್ಲಿ ಎನ್‌ಪಿಎನ್ ಸೆನ್ಸಾರುಗಳಿದ್ದರೆ, ಅಂದರೆ ಲೋಹ ಕಂಡಾಗ ಕಪ್ಪು ತಂತಿಯನ್ನು ಸೊನ್ನೆಗೆ ಸೇರಿಸುವ ಬಗೆಯವಿದ್ದರೆ, ಒಂದು ಮಾತು ನೆನಪಿರಲಿ. ಸೊನ್ನೆ ತಂತಿಯನ್ನು ಭೂಮಿಗೆ ಸೇರಿಸಿರುವ ಯಂತ್ರದಲ್ಲಿ ಕಪ್ಪು ತಂತಿಯ ಹೊದಿಕೆ ಉಜ್ಜಿ ಹರಿದು ಯಂತ್ರದ ಮೈಗೆ ತಾಗಿದರೆ ಸಾಕು, ಎದುರಿಗೆ ಏನೂ ಇಲ್ಲದಿದ್ದರೂ ಪಿಎಲ್‌ಸಿಗೆ ‘ಬಂತು’ ಎಂದೇ ಕೇಳಿಸುತ್ತದೆ. ಕಪ್ಪು ತಂತಿಯನ್ನು ಧನಕ್ಕೆ ಸೇರಿಸುವ ಪಿಎನ್‌ಪಿಯಲ್ಲಿ ಅದೇ ಹರಕು ಸಂಕೇತವನ್ನು ಹುಟ್ಟಿಸುವ ಬದಲು ಕೊಲ್ಲುತ್ತದೆ. ಯಂತ್ರ ನಿಂತುಹೋದರೆ ಬೈಗುಳ ಮಾತ್ರ, ತಾನಾಗಿ ಚಲಿಸಿದರೆ ಏನಾಗುತ್ತದೆಂದು ಮೇಲೆ ಬರೆದಿದ್ದೇನೆ. ಅದಕ್ಕೇ ಕೇಬಲ್ಲನ್ನು ಚಲಿಸುವ ಭಾಗಕ್ಕೆ ಉಜ್ಜದಂತೆ, ಸೆನ್ಸಾರಿನ ಹತ್ತಿರವೇ ಕಟ್ಟಿ, ಮೋಟಾರಿನ ಕೇಬಲ್ಲುಗಳಿಂದ ದೂರದಲ್ಲಿ ಎಳೆ. ಎರಡೇ ತಂತಿಯ ಸೆನ್ಸಾರ್ ಸಿಕ್ಕರೆ, ನಡುವೆ ಲೋಡ್, ಅಂದರೆ ವಿದ್ಯುತ್ತನ್ನು ಮಿತಿಯಲ್ಲಿಡುವ ರಿಲೇಯಂಥದು, ಇಲ್ಲದೆ ನೇರವಾಗಿ ಸಪ್ಲೈಗೆ ಜೋಡಿಸಬೇಡ, ಸುಟ್ಟುಹೋಗುತ್ತದೆ. ನಾನು ಹಾಗೆ ಸುಟ್ಟದ್ದುಂಟು, ಅದನ್ನು ಮಾತ್ರ ಯಾರಿಗೂ ಹೇಳದೆ ಮುಚ್ಚಿಟ್ಟಿರಲಿಲ್ಲ.

ದೂರದ ವಿಷಯವೂ ಇದಕ್ಕೇ ಸಂಬಂಧಿಸಿದ್ದು. ಸೆನ್ಸಾರಿನ ವಿವರದ ಹಾಳೆಯಲ್ಲಿ ಕಾಣುವ ದೂರ 4 ಮಿ.ಮೀ. ಎಂದಿದ್ದರೆ ಮೆದು ಉಕ್ಕಿಗೂ ಸುಮಾರು 3 ಮಿ.ಮೀ. ಒಳಗೆ ಕೂರಿಸು; ಅಲ್ಯೂಮಿನಿಯಮ್ ಆದರೆ ಸಾಧಾರಣ ಸೆನ್ಸಾರಿಗೆ ಅದರ ಅರ್ಧದಷ್ಟೂ ಸಿಗುವುದಿಲ್ಲ. ಹೊರಚಾಚಿರಬೇಕಾದ ಬಗೆಯ ಸೆನ್ಸಾರನ್ನು ಲೋಹದ ಬ್ರಾಕೆಟ್ಟಿನೊಳಗೆ ಹುದುಗಿಸಿದರೆ ಅದು ಬ್ರಾಕೆಟ್ಟನ್ನೇ ಕಂಡು ಸದಾ ‘ಬಂತು’ ಎನ್ನುತ್ತಿರುತ್ತದೆ. ಅಂಚಿನಲ್ಲಿ ಕೂರಿಸಿದ್ದು ಕಂಪನಕ್ಕೆ ಒಮ್ಮೆ ಕಂಡು ಒಮ್ಮೆ ಕಾಣದೆ ಹೋದಾಗಲೇ ಯಾರೋ ಒಬ್ಬರು ಯಂತ್ರ ನಿಲ್ಲಿಸದೆ ಸರಿಪಡಿಸಲು ಕೈ ಹಾಕುವುದು. ಆ ಯಾರೋ ಒಬ್ಬರು ನೀನಾಗಿರುತ್ತೀಯೆ ಎಂಬುದೇ ನನ್ನ ಭಯ. ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ: ಕೈ ಒಳಹೋಗದಂತೆ ಯಂತ್ರಕ್ಕೆ ಹಾಕಿದ ಗಾರ್ಡಿನ ಬಾಗಿಲು ಮುಚ್ಚಿದೆಯೇ ಎಂದು ತಿಳಿಯಲು ಈ ಸಾಧಾರಣ ಸೆನ್ಸಾರನ್ನು ಹಾಕು ಎಂದರೆ ಒಪ್ಪಬೇಡ. ಒಂದು ಕಬ್ಬಿಣದ ಚೂರು ಅಂಟಿಸಿ ಅದಕ್ಕೆ ಮೋಸ ಮಾಡಬಹುದು, ಒಳಗೆ ಕೆಟ್ಟರೂ ‘ಮುಚ್ಚಿದೆ’ ಎನ್ನುತ್ತಲೇ ಇರಬಹುದು. ಆ ಕೆಲಸಕ್ಕೆಂದೇ ಪ್ರಮಾಣಿತವಾದ ಸುರಕ್ಷಾ ಸ್ವಿಚ್ಚುಗಳಿವೆ.

ಯಂತ್ರ ನಿಲ್ಲಿಸಲು ಬಿಡುವುದಿಲ್ಲ ಎಂಬುದಕ್ಕೆ ನನ್ನ ಬಳಿ ಒಳ್ಳೆಯ ಉತ್ತರವಿಲ್ಲ. ನಾನು ಅಂದು ಕೇಳಲೇ ಇಲ್ಲ, ಕೇಳಿದ್ದರೆ ಬಿಡುತ್ತಿದ್ದರೋ ಏನೋ. ನೀನು ಕೇಳು. ಬಾಯಲ್ಲಿ ಆಗದಿದ್ದರೆ ಬರೆದು ಕೊಡು.

ಮುಂದಿನ ಪತ್ರದಲ್ಲಿ ಉಳಿದದ್ದನ್ನೆಲ್ಲ ಬಿಟ್ಟರೂ ಸರಿ, ಮುಂದಿನ ಸೆನ್ಸಾರ್ ಬದಲಿಸಿದಾಗ ಬೀಗದ ಕೀಲಿ ಯಾರ ಜೇಬಿನಲ್ಲಿತ್ತು ಎಂಬುದನ್ನು ಬರೆ.

ಇಂತು,
ನಿನ್ನ ಮಾವ