ನೆಲದಡಿಯ ಕಲ್ಮಶಕ್ಕೆ ಸುಮ್ನೆ ಗೆರೆ ಎಳೆಯಬೇಡಿ: ಪರಿಸರ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಪರಿಸರ ಸಚಿವರೇ,

ಕಾರ್ಖಾನೆಯ ತ್ಯಾಜ್ಯ ಸುರಿದ ಜಾಗದ ಸುತ್ತ ನಕ್ಷೆಯಲ್ಲಿ ಒಂದು ವೃತ್ತ ಎಳೆದು, ಅದರಾಚೆಯ ಬಾವಿಗಳಿಗೆಲ್ಲ ಭಯವಿಲ್ಲ ಎಂದು ಹೇಳಿಬಿಡುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ. ಕಲ್ಮಶ ಎಲ್ಲ ದಿಕ್ಕಿಗೂ ಒಂದೇ ಸಮ ಹರಡುವುದಿಲ್ಲ. ಅಂತರ್ಜಲ ಹರಿಯುವ ಕಡೆಗೆ ಉದ್ದನೆಯ ನಾಲಿಗೆಯ ಹಾಗೆ ಚಾಚಿಕೊಳ್ಳುತ್ತದೆ. ಪಕ್ಕದ ಬಾವಿ ಚೆನ್ನಾಗಿದ್ದು, ದೂರದ ಬಾವಿ ಕೆಡಬಹುದು. ನಡುವೆ ಎಲ್ಲೋ ಪಂಪು ಜೋರಾಗಿ ನೀರೆತ್ತಿದರೆ ಆ ದಿಕ್ಕೂ ಬದಲಾಗುತ್ತದೆ.

ಇದನ್ನು ಲೆಕ್ಕ ಹಾಕಲು ಕಂಪ್ಯೂಟರ್ ಮಾಡೆಲ್‌ಗಳಿವೆ. ಅವು ಬೇಕೇ ಬೇಕು. ನನ್ನ ತಕರಾರು ಒಂದೇ: ಆ ಜಾಗದಲ್ಲಿ ಏನನ್ನೂ ಅಳೆಯದೆ, ಪುಸ್ತಕದಿಂದ ಎತ್ತಿದ ಅಂಕಿ ಹಾಕಿ ಮಾಡಿದ ಮಾಡೆಲ್ಲನ್ನು ಒಪ್ಪಬೇಡಿ.

ಯಾಕೆ ಅಂತ ನೋಡಿ. ಒಂದು ಮರಳಿನ ಪದರ ಇದೆ ಅಂದುಕೊಳ್ಳಿ. ನೀರನ್ನು ಹಾಯಲು ಬಿಡುವ ಅದರ ಗುಣ ದಿನಕ್ಕೆ 10 ಮೀಟರ್ (ಇದು ನೀರಿನ ವೇಗವಲ್ಲ, ವೇಗದ ಲೆಕ್ಕಕ್ಕೆ ಬೇಕಾದ ಅಂಕಿ). ನೀರಿನ ಮಟ್ಟದ ಇಳಿಜಾರು 1,000 ಮೀಟರಿಗೆ 2 ಮೀಟರ್. ನೀರು ಹರಿಯುವ ಸಂದುಗಳ ಪಾಲು ಶೇ 25. ಫ್ರಾನ್ಸಿನ ಹೆನ್ರಿ ಡಾರ್ಸಿ 1856ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಆ ಗುಣವನ್ನು ಇಳಿಜಾರಿನಿಂದ ಗುಣಿಸಿ, ಸಂದುಗಳ ಪಾಲಿನಿಂದ ಭಾಗಿಸಿದರೆ, ನೀರು ವರ್ಷಕ್ಕೆ ಸುಮಾರು 29 ಮೀಟರ್ ಸಾಗುತ್ತದೆ. ಮರಳು ಸ್ವಲ್ಪ ಒರಟಾಗಿದ್ದು, ಆ 10 ನಿಜವಾಗಿ 100 ಆಗಿದ್ದರೆ? 10 ವರ್ಷಕ್ಕೆ 290 ಮೀಟರ್ ಅಂದುಕೊಂಡದ್ದು 2,900 ಮೀಟರ್ ಆಗುತ್ತದೆ. ತಪ್ಪಿದ್ದು ಒಂದೇ ಅಂಕಿ. ಆ ಅಂತರದೊಳಗೆ ಎಷ್ಟು ಮನೆಯವರು ಅದೇ ನೀರು ಕುಡಿಯುತ್ತಿರಬಹುದು, ಅಲ್ವಾ?

ಬಿರುಕು ಬಿಟ್ಟ ಬಂಡೆಯಲ್ಲಂತೂ ಇನ್ನೂ ಕಷ್ಟ. ಅಲ್ಲಿ ನೀರು ಬಿರುಕು ಹಿಡಿದು ಓಡುತ್ತದೆ, ಮರಳಿಗೆ ಮಾಡಿದ ಲೆಕ್ಕ ಹೊಂದುವುದಿಲ್ಲ.

ಎಲ್ಲ ಕಲ್ಮಶವೂ ನೀರಿನಷ್ಟೇ ವೇಗವಾಗಿ ಹೋಗುವುದಿಲ್ಲ. ನೈಟ್ರೇಟ್ ನೀರಿನ ಜೊತೆಗೇ ಓಡುತ್ತದೆ. ಸೀಸ ಸಾಮಾನ್ಯವಾಗಿ ಮಣ್ಣಿಗೆ ಅಂಟಿಕೊಳ್ಳುತ್ತದೆ, ಆದರೆ ನೀರು ಆಮ್ಲೀಯವಾದರೆ ಬಿಟ್ಟುಕೊಳ್ಳುತ್ತದೆ. ಕೆನಡಾದ ಬೋರ್ಡನ್‌ನಲ್ಲಿ 1982ರಲ್ಲಿ ಕ್ಲೋರೈಡ್ ಮತ್ತು ಕೆಲವು ಸಾವಯವ ರಾಸಾಯನಿಕಗಳನ್ನು ಒಟ್ಟಿಗೇ ಮರಳು ನೆಲದೊಳಕ್ಕೆ ಬಿಟ್ಟು, ಸಾವಿರಾರು ನೀರಿನ ಮಾದರಿ ತೆಗೆದು ಹಿಂಬಾಲಿಸಿದರು. ಕ್ಲೋರೈಡ್ ಮುಂದೆ ಹೋಯಿತು, ಉಳಿದವು ಹಿಂದೆ ಬಿದ್ದವು. ದಿನ ಕಳೆದಂತೆ ಆ ಅಂತರವೂ ಜಾಸ್ತಿಯಾಯಿತು. ಇಂಥದ್ದು ಅಳೆದರೆ ಮಾತ್ರ ಗೊತ್ತಾಗುವ ಸಂಗತಿ.

ಹಾಗಾಗಿ ಅನುಮತಿಗೆ ಬರುವ ಪ್ರತಿ ವರದಿಯಲ್ಲೂ ಬೇರೆ ಬೇರೆ ಆಳದ ವೀಕ್ಷಣಾ ಬಾವಿಗಳ ಅಳತೆ ಇರಲೇಬೇಕು ಎಂದು ಆದೇಶ ಮಾಡಿ. ಒಂದೇ ಉತ್ತರ ಕೊಟ್ಟರೆ ವಾಪಸ್ ಕಳಿಸಿ. ಕಲ್ಮಶ ಬೇಗ ಅಂದರೆ ಯಾವಾಗ ಮುಟ್ಟುತ್ತದೆ, ತಡ ಅಂದರೆ ಯಾವಾಗ, ಎರಡನ್ನೂ ಕೇಳಿ. ಬಳಸಿದ ಅಂಕಿಗಳನ್ನು ಜನರ ಮುಂದಿಡಿ, ಬೇರೆಯವರೂ ಲೆಕ್ಕ ಹಾಕಿ ನೋಡಲಿ.

ತ್ಯಾಜ್ಯ ಎತ್ತಿದ ಕೂಡಲೇ ಕೆಲಸ ಮುಗಿಯಿತು ಅಂತ ವೀಕ್ಷಣಾ ಬಾವಿಗಳನ್ನು ಮುಚ್ಚಿಸಬೇಡಿ. ಜೇಡಿಮಣ್ಣಿನೊಳಗೆ ಇಳಿದು ಕೂತ ರಾಸಾಯನಿಕ ದಶಕಗಳ ತನಕ ಮೆಲ್ಲಗೆ ಹೊರಬರುತ್ತಲೇ ಇರಬಹುದು. ಅಷ್ಟೂ ಕಾಲ ಪರೀಕ್ಷೆ ನಡೆಸಲು ಬೇಕಾದ ಹಣವನ್ನು ಮಲಿನ ಮಾಡಿದವರಿಂದ ಈಗಲೇ ಕಟ್ಟಿಸಿಕೊಳ್ಳಿ.

ಇಂತಿ,
ಅಂತರ್ಜಲದ ಲೆಕ್ಕ ಹಾಕುವ ಕೆಲಸದಲ್ಲಿರುವ ಒಬ್ಬ ನಾಗರಿಕ