ದೊಡ್ಡ ಬೋರಿನ ಪಿಸ್ತೂಲು ಕೊಳ್ಳುವ ಮೊದಲು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನಮ್ಮವರ ಮನೆಗಳಿಗೆ ನುಗ್ಗಿ ಚಿನ್ನ ಕದಿಯುವವರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಕೊನೆಯಲ್ಲಿ ಒಬ್ಬರು, ಮನೆಯಲ್ಲಿ ಒಂದು ದೊಡ್ಡ ಬೋರಿನ, ಅಂದರೆ ದಪ್ಪ ಗುಂಡು ಹಾರಿಸುವ ಅಗಲ ನಳಿಗೆಯ ಪಿಸ್ತೂಲು ಇದ್ದರೆ ನೆಮ್ಮದಿಯಾಗಿ ಮಲಗಬಹುದು ಅಂದಿದ್ದಾರೆ. ಆ ಮಾತು ಓದಿ ನನಗೆ ಭಯವಾಯಿತು. ಅದಕ್ಕೇ ಈ ಪತ್ರ.

ನಾನು ಮೂಡಿಗೆರೆ ಕಡೆಯವಳು. ಟೆಕ್ಸಾಸಿನ ಡಲ್ಲಾಸ್ ಹತ್ತಿರ ಹತ್ತೊಂಬತ್ತು ವರ್ಷದಿಂದ ಇದ್ದೇನೆ. ಕೋವಿ ನನಗೆ ಹೊಸದಲ್ಲ. ತೋಟದ ಮನೆಯಲ್ಲಿ ಅಪ್ಪನ ಹತ್ತಿರ ಒಂಟಿ ನಳಿಗೆಯ ತೋಟಾ ಕೋವಿ ಇತ್ತು. ಕೋವಿ ಬೀರುವಿನಲ್ಲಿ, ತೋಟಾಗಳು ಬೇರೆ ಕೋಣೆಯ ಬಿಸ್ಕತ್ತಿನ ಡಬ್ಬಿಯಲ್ಲಿ, ಬೀಗದ ಕೈ ಅಪ್ಪನ ಉಡಿದಾರದಲ್ಲಿ. ಚುನಾವಣೆ ಬಂತು ಅಂದರೆ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ರಸೀದಿ ತಂದು ಗೋಡೆಯ ಮೊಳೆಗೆ ಚುಚ್ಚುತ್ತಿದ್ದರು.

ಎರಡು ವರ್ಷದ ಹಿಂದೆ ದೀಪಾವಳಿ ಸಮಯಕ್ಕೆ ನಮ್ಮ ಬೀದಿಯಲ್ಲೇ ಒಂದು ಮನೆಗೆ ಕಳ್ಳರು ನುಗ್ಗಿದರು. ಮನೆಯವರೆಲ್ಲ ಹಬ್ಬದ ಊಟಕ್ಕೆ ಹೋಗಿದ್ದರು. ಹಿಂದಿನ ಗಾಜಿನ ಬಾಗಿಲು ಒಡೆದು ತಾಳಿಸರ, ಬಳೆ, ಮಗುವಿನ ಕಾಲ್ಗೆಜ್ಜೆ ಸಹ ಒಯ್ದರು. ಒಂದು ವಿಷಯ ಯೋಚಿಸಿ. ಆ ಮನೆಯ ಬೀರುವಿನಲ್ಲಿ ಪಿಸ್ತೂಲು ಇದ್ದಿದ್ದರೆ ಅದೂ ಚಿನ್ನದ ಜೊತೆಗೇ ಹೋಗುತ್ತಿತ್ತು. ಆದರೆ ಆ ವಾರ ನಮ್ಮ ಮನೆಯವರಿಗೂ ನನಗೂ ನಿದ್ದೆ ಬರಲಿಲ್ಲ. ನಾವೂ ಅಂಗಡಿಗೆ ಹೋದೆವು.

ಕೌಂಟರಿನವನು ನನ್ನ ಕೈ ಕಡೆ ನೋಡಲೂ ಇಲ್ಲ. ನೇರ ಪಾಯಿಂಟ್ 44 ಮ್ಯಾಗ್ನಮ್ ರಿವಾಲ್ವರು, ಅಂದರೆ ಸುಮಾರು 11 ಎಂಎಂ ದಪ್ಪದ ಗುಂಡಿನದು, ತೆಗೆದು ಮುಂದಿಟ್ಟ. ಇದನ್ನು ನೋಡಿದರೇ ಕಳ್ಳ ಓಡುತ್ತಾನೆ ಅಂದ. ಪುಣ್ಯಕ್ಕೆ ಅಂಗಡಿಯ ಹಿಂದೆಯೇ ರೇಂಜ್, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗ ಇತ್ತು. ಬಾಡಿಗೆಗೆ ತಗೊಂಡು ಹೊಡೆದು ನೋಡಿದೆವು. ಮೊದಲ ಈಡಿಗೇ ರಿವಾಲ್ವರು ನನ್ನ ಹಣೆಯ ಎತ್ತರಕ್ಕೆ ಬಂತು. ಹೆಬ್ಬೆರಳಿನ ಬುಡ ಉರಿಯತೊಡಗಿತು. ಕಿವಿಗೆ ಮಫ್ ಹಾಕಿದ್ದರೂ ಎದೆಗೆ ಗುದ್ದಿದ ಹಾಗಾಯಿತು. ಹೆಚ್ಚುಕಮ್ಮಿ ಅಷ್ಟೇ ದಪ್ಪದ ಪಾಯಿಂಟ್ 45 ಪಿಸ್ತೂಲಿನ ಗುಂಡಿಗಿಂತ ಅದರ ಶಕ್ತಿ ಎರಡು ಪಟ್ಟಿಗೂ ಜಾಸ್ತಿ. ಕತ್ತಲಲ್ಲಿ, ಮಲಗುವ ಕೋಣೆಯಲ್ಲಿ, ಕಿವಿಗೆ ಏನೂ ಇಲ್ಲದೆ ಅದನ್ನು ಹೊಡೆದರೆ ಎರಡನೆಯ ಈಡಿಗೆ ನನ್ನ ಕಣ್ಣೂ ಕಿವಿಯೂ ಕೆಲಸ ಮಾಡುವುದಿಲ್ಲ.

ನಮಗೆ ಕಲಿಸಿದವರು ನಿವೃತ್ತ ಪೊಲೀಸ್ ಹೆಣ್ಣುಮಗಳು. ಅವರು ಒಂದು ಪಾಠ ಮಾಡಿದರು. ನಮಗೆ ಗೊತ್ತಾಗದ ಹಾಗೆ ಮ್ಯಾಗಜೀನಿನ (ಪಿಸ್ತೂಲಿನ ಹಿಡಿಯೊಳಗೆ ಕೂರುವ ಗುಂಡಿನ ಡಬ್ಬಿಯ) ಮಧ್ಯೆ ಎಲ್ಲೋ ಒಂದು ಸುಳ್ಳು ತೋಟಾ ಸೇರಿಸಿ ಕೊಟ್ಟರು. ನಮ್ಮ ಮನೆಯವರು ಪಾಯಿಂಟ್ 45 ಹಿಡಿದು ಹೊಡೆಯುತ್ತಾ ಹೋದರು. ನಾಲ್ಕನೆಯದು ಸುಳ್ಳು ತೋಟಾ. ಟಿಕ್ ಅಂತಷ್ಟೇ ಸದ್ದು ಬಂತು. ಗುಂಡು ಹಾರಲಿಲ್ಲ, ಆದರೆ ಪಿಸ್ತೂಲಿನ ಮೂತಿ ಎರಡು ಬೆರಳು ಕೆಳಗೆ ಕುಸಿದಿತ್ತು. ಒದೆತ ಬರುತ್ತದೆ ಅಂತ ಕೈ ಮೊದಲೇ ಹೆದರಿತ್ತು. ಏಳು ಗಜ ದೂರದ ಕಾಗದದಲ್ಲಿ ತೂತುಗಳೆಲ್ಲ ಎಡಕ್ಕೆ, ಕೆಳಗೆ ಯಾಕೆ ಬಿದ್ದಿದ್ದವು ಅಂತ ಆಗ ಗೊತ್ತಾಯಿತು. ಅದೇ ಪಾಠ ನನಗೆ ಇನ್ನೂ ಸಣ್ಣ ಬೋರಿನ 9 ಎಂಎಂ ಪಿಸ್ತೂಲು ಕೊಟ್ಟು ಮಾಡಿದಾಗ ಮೂತಿ ಅಷ್ಟು ಅಲುಗಲಿಲ್ಲ.

ದೊಡ್ಡ ಬೋರೇ ಬೇಕು ಅನ್ನುವವರು ಎಫ್‌ಬಿಐ ಕಥೆ ಕೇಳಬೇಕು. 1986ರಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಅವರ ಇಬ್ಬರು ಏಜೆಂಟರು ಸತ್ತರು. 9 ಎಂಎಂ ಗುಂಡು ಸಾಕಷ್ಟು ಆಳಕ್ಕೆ ಹೋಗಲಿಲ್ಲ ಅಂತ 10 ಎಂಎಂಗೆ ಹೋದರು. ಅದರ ಒದೆತ ಜಾಸ್ತಿಯಾಯಿತು ಅಂತ ಪಾಯಿಂಟ್ 40ಕ್ಕೆ ಇಳಿದರು. ಅಷ್ಟರಲ್ಲಿ ಗುಂಡುಗಳೇ ಸುಧಾರಿಸಿದ್ದವು. ತಿರುಗಿ 9 ಎಂಎಂಗೇ ಬಂದರು. ಅಮೆರಿಕದ ಸೈನ್ಯವೂ 1911ರಿಂದ ಬಳಸುತ್ತಿದ್ದ ಪಾಯಿಂಟ್ 45 ಪಿಸ್ತೂಲಿನ ಬದಲು 1985ರಲ್ಲಿ 9 ಎಂಎಂ ತಗೊಂಡಿತು.

ಇಲ್ಲಿಯ ಗೋಡೆಗಳ ವಿಷಯವನ್ನೂ ಹೇಳಬೇಕು. ನಮ್ಮೂರಿನ ಮನೆಗಳ ಹಾಗೆ ಕಲ್ಲು, ಮಣ್ಣು, ಇಟ್ಟಿಗೆ ಅಲ್ಲ. ಒಳಗಿನ ಗೋಡೆ ಅಂದರೆ ಮರದ ಚೌಕಟ್ಟಿನ ಎರಡೂ ಕಡೆ ಅರ್ಧ ಇಂಚಿನ ಜಿಪ್ಸಮ್ ಹಲಗೆ. 9 ಎಂಎಂ ಆಗಲಿ, ಪಾಯಿಂಟ್ 45 ಆಗಲಿ, ಗುರಿ ತಪ್ಪಿದ ಗುಂಡು ಅದನ್ನು ದಾಟಿ ಹೋಗುತ್ತದೆ. ನಮ್ಮ ಕೋಣೆಯ ಗೋಡೆಯ ಆಚೆ ಮಗಳ ಹಾಸಿಗೆ. ಪಿಸ್ತೂಲು ತರುವ ಮೊದಲೇ ನಾವು ಆ ಹಾಸಿಗೆಯನ್ನು ಇನ್ನೊಂದು ಮೂಲೆಗೆ ಸರಿಸಿದೆವು.

ಕೊನೆಗೆ ಮನೆಗೆ 9 ಎಂಎಂ ತಂದೆವು. ಪಾಯಿಂಟ್ 45 ಅನ್ನು ನಾನು ಬೇಡ ಅನ್ನುತ್ತಿಲ್ಲ. ಹೋದ ವರ್ಷ ಹಳೇ 1911 ಮಾದರಿಯ ಒಂದನ್ನು ರೇಂಜಿಗೆ ಅಂತಲೇ ಕೊಂಡೆ. ಪೂರಾ ಉಕ್ಕು, ಒಂದು ಕಿಲೋಗಿಂತ ಜಾಸ್ತಿ ತೂಕ, ಹಿಡಿ ಮಾತ್ರ ತೆಳು. ಮ್ಯಾಗಜೀನಿನಲ್ಲಿ ಗುಂಡುಗಳು ಒಂದೇ ಸಾಲು ಕೂರುವುದರಿಂದ ನನ್ನ ಸಣ್ಣ ಕೈಗೂ ಸಿಗುತ್ತದೆ. ಎರಡು ಸಾಲಿನ ಪಾಯಿಂಟ್ 45 ಹಿಡಿದರೆ ಬೆರಳು ಟ್ರಿಗರ್ ಮುಟ್ಟಲು ಒದ್ದಾಡುತ್ತದೆ. ಇದರ ಒದೆತ ಚಾಟಿ ಬೀಸಿದ ಹಾಗಲ್ಲ, ಯಾರೋ ಅಂಗೈಯಿಂದ ನಿಧಾನ ತಳ್ಳಿದ ಹಾಗೆ. ಗುಂಡಿನ ಬೆಲೆ ಜಾಸ್ತಿ, ಅದಕ್ಕೇ ತಿಂಗಳಿಗೆ ಒಂದೇ ಡಬ್ಬಿ. ಇಪ್ಪತ್ತೈದು ಗಜದಲ್ಲಿ ಕಪ್ಪು ವೃತ್ತದೊಳಗೆ ಐದಕ್ಕೆ ಐದು ಬಿದ್ದ ದಿನ ನಾನು ಊರಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ.

ಎರಡಕ್ಕೂ ಕಬ್ಬಿಣದ ಪೆಟ್ಟಿಗೆ ಇದೆ. ಟೆಕ್ಸಾಸಿನಲ್ಲಿ ಗುಂಡು ತುಂಬಿದ ಕೋವಿಯನ್ನು ಅಜಾಗರೂಕತೆಯಿಂದ ಬಿಟ್ಟು ಅದು ಹದಿನೇಳು ತುಂಬದ ಮಗುವಿನ ಕೈಗೆ ಸಿಕ್ಕರೆ ಅದು ಅಪರಾಧ. ಕಾನೂನು ಇಲ್ಲದಿದ್ದರೂ ನಾನು ಬೀಗ ಹಾಕುತ್ತಿದ್ದೆ.

ಈಗ ಊರಿನಲ್ಲಿರುವ ಅಪ್ಪ ಅಮ್ಮಂದಿರಿಗೆ ಹೇಳಬೇಕಾದ ಮಾತು. ನಿಮ್ಮ ಮಗ ಎಚ್-1ಬಿ ವೀಸಾದಲ್ಲಿದ್ದರೆ, ಮಗಳು ವಿದ್ಯಾರ್ಥಿ ವೀಸಾದಲ್ಲಿದ್ದರೆ, ಪಿಸ್ತೂಲು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿ ಇವೆ. ಅವು ಇಲ್ಲದೆ ರೇಂಜಿನಲ್ಲಿ ಬಾಡಿಗೆಗೆ ತಗೊಂಡು ಹೊಡೆಯುವುದೂ ಫೆಡರಲ್ ಅಪರಾಧವೇ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಆದರೆ ಪ್ರವಾಸಿ ವೀಸಾದಲ್ಲಿ ಬರುವ ಹಿರಿಯರಿಗೂ ಈ ತಡೆ ಇದೆ. ಆದರೂ ಪ್ರತಿ ಬೇಸಿಗೆಯಲ್ಲಿ ಯಾರೋ ಒಬ್ಬರು ಮಾವನವರನ್ನು ರೇಂಜಿಗೆ ಕರೆದುಕೊಂಡು ಹೋಗಿ, ಕೈಯಲ್ಲಿ ದೊಡ್ಡ ರಿವಾಲ್ವರು ಕೊಟ್ಟು ಫೋಟೋ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾರೆ. ಸುಮ್ನೆ ಖುಷಿಗೆ ಅಲ್ವಾ ಅನ್ನುತ್ತಾರೆ. ವೀಸಾ ಹೋಗುವ ಮಟ್ಟಿಗೆ ಅದು ಬೆಳೆಯಬಹುದು.

ಇನ್ನೊಂದು. ರೇಂಜಿಗೆ ಒಯ್ಯುವ ಚೀಲವನ್ನು ಊರಿಗೆ ಬರುವ ಸಾಮಾನಿಗೆ ದಯವಿಟ್ಟು ಬಳಸಬೇಡಿ. ಜೇಬಿನ ಮೂಲೆಯಲ್ಲಿ ಮರೆತ ಒಂದೇ ಒಂದು ಗುಂಡು ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸು ಬೀಳಬಹುದು. ಅದರಲ್ಲೂ 9 ಎಂಎಂ ನಮ್ಮ ದೇಶದಲ್ಲಿ ಸಾಮಾನ್ಯ ಜನ ಇಟ್ಟುಕೊಳ್ಳುವಂತಿಲ್ಲದ ನಿಷೇಧಿತ ಬೋರು.

ಹೊರದೇಶಕ್ಕೆ ಹೋಗುವವರಿಗೆ ನೀವು ಸಲಹೆ ಪ್ರಕಟಿಸುವಾಗ ವೀಸಾ ಮತ್ತು ಕೋವಿಯ ಈ ವಿಷಯವನ್ನೂ ಒಂದು ಸಾಲಿನಲ್ಲಿ ಸೇರಿಸಿ. ನಮ್ಮ ಬಳಗದಲ್ಲೇ ಇದು ಗೊತ್ತಿಲ್ಲದವರು ಬಹಳ ಮಂದಿ ಇದ್ದಾರೆ.

ಇಂತಿ,
ಮೂಡಿಗೆರೆಯ ಓದುಗಿ, ಈಗ ಟೆಕ್ಸಾಸ್