ಇನ್ನು ಮುಂದೆ ಬಣ್ಣ ಹಚ್ಚಿದ ಸ್ಕೂಟರ್ ಮಾರುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಕಲಬುರಗಿ, ಬೀದರ್, ಯಾದಗಿರಿಯ ನಮ್ಮ ಎಲ್ಲ ಗ್ರಾಹಕರಿಗೆ ಶರಣು ಶರಣಾರ್ಥಿ.

ಹಳೆಯ ವೆಸ್ಪಾ, ಲ್ಯಾಂಬ್ರೆಟಾ ಸ್ಕೂಟರ್‌ಗಳಿಗೆ ಬಣ್ಣ ಹಚ್ಚಿ, ತಯಾರು ಮಾಡಿ ಮಾರುವುದನ್ನು ಬರುವ ಯುಗಾದಿಯಿಂದ ನಿಲ್ಲಿಸುತ್ತಿದ್ದೇವೆ. ಸ್ಕೂಟರ್ ನಮ್ಮ ಕೈಗೆ ಹೇಗೆ ಬಂತೋ ಹಾಗೇ ನಿಮ್ಮ ಮುಂದೆ ಇಡುತ್ತೇವೆ. ನೀವು ನೋಡಬೇಕು, ಒಪ್ಪಬೇಕು, ಆರ್‌ಸಿ ನಿಮ್ಮ ಹೆಸರಿಗೆ ಆಗಬೇಕು. ಆಮೇಲೆ ತಗಡಿನ ಕೆಲಸ, ಎಂಜಿನ್ ಕೆಲಸ. ಬಣ್ಣ ಎಲ್ಲಕ್ಕಿಂತ ಕೊನೆಗೆ.

ನಮ್ಮಲ್ಲಿಗೆ ಬರುವವರಲ್ಲಿ ಫಳಫಳ ಹೊಳೆಯುವ ಗಾಡಿಯನ್ನೇ ಕೇಳುವವರು ಜಾಸ್ತಿ. ಅವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. ಅದಕ್ಕೇ ಕಾರಣ ಬಿಡಿಸಿ ಬರೆಯುತ್ತಿದ್ದೇವೆ.

ವೆಸ್ಪಾಕ್ಕೆ ಬೇರೆ ಫ್ರೇಮ್ ಅಂತ ಇಲ್ಲ. ಇಟಲಿಯ ಪಿಯಾಜಿಯೊ ಮೊದಲು ವಿಮಾನ ಮಾಡುತ್ತಿದ್ದ ಕಂಪನಿ. ಎರಡನೇ ಮಹಾಯುದ್ಧದಲ್ಲಿ ಪೊಂಟೆಡೆರಾದ ಅವರ ಕಾರ್ಖಾನೆ ಬಾಂಬಿಗೆ ಹಾಳಾಯಿತು. ಯುದ್ಧ ಮುಗಿದ ಮೇಲೆ ಕಂಪನಿ ಸ್ಕೂಟರಿನ ಕಡೆ ಹೊರಳಿತು. 1946ರಲ್ಲಿ ಬಂದ ಮೊದಲ ವೆಸ್ಪಾವನ್ನು ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ಕೂಡ ವಿಮಾನದ ಎಂಜಿನಿಯರ್. ಅವರು ಪೈಪಿನ ಫ್ರೇಮ್ ಬಿಟ್ಟು, ಒತ್ತಿ ಬಗ್ಗಿಸಿದ ಉಕ್ಕಿನ ತಗಡಿನ ಮೇಲೇ ಎಲ್ಲ ಭಾರ ಹೊರಿಸಿದರು. ಮರುವರ್ಷ ಮಿಲಾನಿನ ಇನ್ನೊಚೆಂಟಿ ಕಂಪನಿ ಲ್ಯಾಂಬ್ರೆಟಾ ತಂದಿತು. ಅದು ಉಕ್ಕಿನ ಪೈಪ್ ಮಾಡುವ ಕಂಪನಿ. ಹಾಗಾಗಿ ಲ್ಯಾಂಬ್ರೆಟಾದ ಒಳಗೆ ಗಟ್ಟಿ ಪೈಪ್ ಇದೆ, ತಗಡು ಬರೀ ಹೊದಿಕೆ.

ಇದರಿಂದ ಏನಾಗುತ್ತದೆ ನೋಡಿ. ಲ್ಯಾಂಬ್ರೆಟಾದ ಫ್ಲೋರ್ ಬೋರ್ಡ್ ತುಕ್ಕು ಹಿಡಿದರೆ ಬಿಚ್ಚಿ ಬೇರೆ ಹಾಕಬಹುದು. ವೆಸ್ಪಾದ ಫ್ಲೋರ್ ತುಕ್ಕು ಹಿಡಿದರೆ ಗಾಡಿಯ ಬೆನ್ನುಮೂಳೆಯೇ ಹೋದಂತೆ. ಅದನ್ನು ಕತ್ತರಿಸಿ, ಹೊಸ ತಗಡು ಸರಿಯಾಗಿ ಬೆಸೆಯಬೇಕು. ಆದರೆ ಮಾರುಕಟ್ಟೆಯಲ್ಲಿ ಕಾಣುವುದೇ ಬೇರೆ. ತೂತಿನ ಮೇಲೆ ಒಂದು ತುಂಡು ತಗಡು, ಅದರ ಮೇಲೆ ಪುಟ್ಟಿ, ಮೇಲೊಂದು ಚಂದದ ಬಣ್ಣ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ. ನಾವು ಎಷ್ಟೇ ಪ್ರಾಮಾಣಿಕವಾಗಿ ಕೆಲಸ ಮಾಡಿದರೂ, ಬಣ್ಣ ಹಚ್ಚಿದ ಮೇಲೆ ನಮ್ಮ ಮಾತನ್ನು ನಂಬುವುದು ಬಿಟ್ಟು ನಿಮಗೆ ಬೇರೆ ದಾರಿ ಇಲ್ಲ. ಅದು ಸರಿಯಲ್ಲ. ನಿಮ್ಮಲ್ಲಿ ಅನೇಕರು ಈ ಸ್ಕೂಟರ್ ಹುಡುಕುವುದೇ ಅಪ್ಪನ ನೆನಪಿಗೆ, ಚಿಕ್ಕವರಿದ್ದಾಗ ಹ್ಯಾಂಡಲ್ ಹಿಡಿದು ಮುಂದೆ ನಿಂತು ಹೋದ ನೆನಪಿಗೆ. ಮಕ್ಕಳು ನಿಲ್ಲುತ್ತಿದ್ದ ಆ ಫ್ಲೋರಿನ ಕೆಳಗೆ ಏನಿದೆ ಅಂತ ನೀವೇ ಕಣ್ಣಾರೆ ನೋಡಬೇಕು, ಅಲ್ವಾ?

ನಮ್ಮ ಕಡೆ ಹವೆ ಒಣ. ಕರಾವಳಿ ಗಾಡಿಗಳಿಗಿಂತ ಇಲ್ಲಿನ ಗಾಡಿಗಳ ತಗಡು ಚೆನ್ನಾಗಿ ಉಳಿದಿರುತ್ತದೆ. ಆದರೂ ಸುಮ್ನೆ ನಂಬಬೇಡಿ. ಬರುವಾಗ ಒಂದು ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ತನ್ನಿ. ಪುಟ್ಟಿ ದಪ್ಪ ಇದ್ದ ಕಡೆ ಅಯಸ್ಕಾಂತ ಹಿಡಿಯುವುದಿಲ್ಲ. ಗಾಡಿ ವಾಲಿಸಿ ಕೊಡುತ್ತೇವೆ, ಫ್ಲೋರಿನ ಅಡಿಯ ಅಡ್ಡಪಟ್ಟಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಬಡಿದು ನೋಡಿ. ಪೆಟ್ರೋಲ್ ಟ್ಯಾಂಕ್ ಎತ್ತಿ ಒಳಗೂ ನೋಡಿ. ಹಿಂದೆ ನಿಂತು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯೇ ಅಂತ ಕಣ್ಣಳತೆ ಹಾಕಿ. ಸ್ಟಿಯರಿಂಗ್ ಬುಡದಲ್ಲಿ ತಗಡು ಸುಕ್ಕುಗಟ್ಟಿದ್ದರೆ ಎಂದೋ ಮುಂದಿನಿಂದ ಪೆಟ್ಟು ಬಿದ್ದಿದೆ ಎಂದೇ ತಿಳಿಯಿರಿ.

ಇನ್ನೊಂದು ವಿಷಯ. ‘ಇಟಲಿ ಗಾಡಿ’ ಎಂಬ ಮಾತನ್ನು ಇನ್ನು ಅಳೆದು ಬಳಸುತ್ತೇವೆ. ನಮ್ಮ ಕಡೆ ಸಿಗುವ ಹೆಚ್ಚಿನವು ಇಟಲಿಯ ನಕ್ಷೆಯಲ್ಲಿ ಭಾರತದಲ್ಲೇ ಆದವು. ಪಿಯಾಜಿಯೊ ಲೈಸೆನ್ಸಿನಲ್ಲಿ ಬಜಾಜ್ ವೆಸ್ಪಾ ಮಾಡುತ್ತಿತ್ತು. 1971ರಲ್ಲಿ ಆ ಒಪ್ಪಂದ ಮುಗಿದು, 1972ರಲ್ಲಿ ಬಜಾಜ್‌ನದೇ ಹೆಸರಿನ ಚೇತಕ್ ಬಂತು. ಮುಂಬೈಯಲ್ಲಿ ಎಪಿಐ ಕಂಪನಿ ಲ್ಯಾಂಬ್ರೆಟಾ ಮಾಡುತ್ತಿತ್ತು. ಇನ್ನೊಚೆಂಟಿಯ ಸ್ಕೂಟರ್ ಮಾಡುವ ಯಂತ್ರಗಳನ್ನೇ ಕೊಂಡು ತಂದ ಸರ್ಕಾರಿ ಕಂಪನಿ ಲಖನೌದಲ್ಲಿ ವಿಜಯ್ ಸೂಪರ್ ಮಾಡಿತು. ಇವೆಲ್ಲ ಒಳ್ಳೆಯ ಗಾಡಿಗಳು, ನಮಗೆ ಇವುಗಳ ಮೇಲೆ ಪ್ರೀತಿಯೂ ಜಾಸ್ತಿ. ಆದರೆ ಚೇತಕ್‌ಗೆ ವೆಸ್ಪಾ ಬ್ಯಾಡ್ಜ್ ಅಂಟಿಸಿ ಇಟಲಿ ಬೆಲೆ ಕೇಳುವುದು ಮೋಸ. ಇಟಲಿಯಲ್ಲೇ ಆದ ವೆಸ್ಪಾ ಎಂದರೆ ಚಾಸಿ ನಂಬರಿನ ಮುಂದಿನ ಅಕ್ಷರಗಳಿಗೂ ಎಂಜಿನ್ ನಂಬರಿನ ಮುಂದಿನ ಅಕ್ಷರಗಳಿಗೂ ತಾಳೆ ಇರಬೇಕು. ಎರಡೂ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನೂ ಬಿಲ್ಲಿನ ಜೊತೆ ಕೊಡುತ್ತೇವೆ.

ಆರ್‌ಸಿ ಇಲ್ಲದ ಗಾಡಿ ನಮ್ಮಲ್ಲಿ ಇನ್ನು ಇರುವುದಿಲ್ಲ. ಹೈದರಾಬಾದ್, ಸೊಲ್ಲಾಪುರದಿಂದ ಬಂದದ್ದಾದರೆ ಅಲ್ಲಿನ ಆರ್‌ಟಿಓದ ಎನ್‌ಓಸಿ, ಅಂದರೆ ಅಭ್ಯಂತರ ಇಲ್ಲ ಎಂಬ ಪತ್ರ, ಮೊದಲು ಕೈಗೆ ಬರಬೇಕು. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಅದನ್ನು ಮುಗಿಸಿಯೇ ವರ್ಗಾವಣೆಗೆ ಕೊಡುತ್ತೇವೆ. 50 ವರ್ಷ ದಾಟಿದ ಗಾಡಿಗೆ 2021ರ ನಿಯಮದಂತೆ ‘ವಿಎ’ ಅಕ್ಷರದ ವಿಂಟೇಜ್ ಪ್ಲೇಟ್ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷ ಬಾಳಿಕೆ. ಆದರೆ ಆ ಪ್ಲೇಟಿನ ಗಾಡಿ ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ಮಾತ್ರ ರಸ್ತೆಗೆ ಇಳಿಯಬಹುದು. ದಿನಾ ಸಂತೆಗೋ ಕಚೇರಿಗೋ ಓಡಿಸುವ ಆಸೆ ಇದ್ದವರು ಆ ದಾರಿ ಹಿಡಿಯಬೇಡಿ.

ಎಂಜಿನ್ ಕೆಲಸದಲ್ಲೂ ಒಂದು ಬದಲಾವಣೆ ಇದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ನಮ್ಮ ಭಾಗದ ಕಬ್ಬಿಗೆ ಅದರಿಂದ ಬೇಡಿಕೆ ಬಂದರೆ ಸಂತೋಷವೇ. ಆದರೆ ಎಥೆನಾಲ್ ನೀರು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಹಾಗಾಗಿ ಪೆಟ್ರೋಲ್ ಪೈಪ್, ಕಾರ್ಬೊರೇಟರ್ ವಾಷರ್, ಆಯಿಲ್ ಸೀಲ್ ಹೊಸದು ಹಾಕದೆ ನಮ್ಮಲ್ಲಿ ಎಂಜಿನ್ ಕೆಲಸ ಆದ ಯಾವ ಗಾಡಿಯನ್ನೂ ಹೊರಗೆ ಬಿಡುವುದಿಲ್ಲ. ನೀವೂ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ ಇಡಿ. ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಅಳತೆ ಟ್ಯಾಂಕಿನ ಮುಚ್ಚಳದ ಹತ್ತಿರ ಬರೆದಿರುತ್ತೇವೆ. ನಮ್ಮಲ್ಲಿಗೆ ಬರುವ ಹೆಚ್ಚಿನ ವೆಸ್ಪಾ, ಚೇತಕ್‌ಗೆ ಲೀಟರಿಗೆ 20 ಎಂ.ಎಲ್., ಲ್ಯಾಂಬ್ರೆಟಾಕ್ಕೆ ಸಾಮಾನ್ಯವಾಗಿ 40. ನಮ್ಮ ಬೇಸಿಗೆಯಲ್ಲಿ ಇದಕ್ಕಿಂತ ಕಡಿಮೆ ಹಾಕಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಹಣದ ಮಾತು. ಗಾಡಿಯ ಬೆಲೆ ಬೇರೆ, ಕೆಲಸದ ಬಿಲ್ ಬೇರೆ. ತಗಡು ಬಿಚ್ಚಿ ನೋಡಿದ ಮೇಲೆ ಖರ್ಚಿನ ಅಂದಾಜು ಬರೆದು ಕೊಡುತ್ತೇವೆ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಗಾಡಿಯನ್ನು ಹಾಗೇ ಒಯ್ಯಿರಿ, ಬೇರೆ ಮಿಸ್ತ್ರಿ ಹತ್ತಿರ ಮಾಡಿಸಿಕೊಳ್ಳಿ, ನಮಗೆ ಬೇಸರ ಇಲ್ಲ. ಮೊದಲಿಗಿಂತ ಕಾಯುವುದು ಹೆಚ್ಚಾಗುತ್ತದೆ, ಅದು ನಿಜ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ಮಾತೇ ನಡೆಯುತ್ತದೆ. ಬೇಕಿದ್ದರೆ ಅವರೂ ಬಣ್ಣಕ್ಕೆ ಮೊದಲು ಬಂದು ನೋಡಬಹುದು.

ಗಾಡಿ ನೋಡಲು ಬೆಳಿಗ್ಗೆಯೇ ಬನ್ನಿ. ನಮ್ಮದು ತಗಡಿನ ಶೆಡ್, ಮಧ್ಯಾಹ್ನ ಒಳಗೆ ನಿಲ್ಲಲು ಆಗುವುದಿಲ್ಲ. ಗೊತ್ತಿದ್ದ ಮಿಸ್ತ್ರಿ ಇದ್ದರೆ ಅವರನ್ನೂ ಕರೆದುಕೊಂಡು ಬನ್ನಿ.

ಇಂತಿ ನಿಮ್ಮ,
ಸ್ಕೂಟರ್ ಅಂಗಡಿಯ ಬಳಗ, ಕಲಬುರಗಿ